ಮಳೆ ಬಿಟ್ಟ ಮೇಲಿನ ಸೈಕಲ್ ಸವಾರಿ: ನಡುದಾರಿಯಲ್ಲಿ ಗಾಳಿ ಹೋದರೆ, ಚೈನು ಬಿದ್ದರೆ ಯಾವುದು ಮೊದಲು, ಯಾವುದು ಆಮೇಲೆ

ದಸರಾ ಮುಗಿಯುತ್ತಿದ್ದಂತೆ ಮೈಸೂರಿನಿಂದ ಮೇಲುಕೋಟೆ ಕಡೆಗೆ ಸೈಕಲ್ ಹೊಡೆಯುವವರು ಹೆಚ್ಚಾಗುತ್ತಾರೆ. ಬಿಸಿಲು ಹದವಾಗಿರುತ್ತದೆ, ಕೆರೆ ಕಟ್ಟೆ ತುಂಬಿರುತ್ತವೆ, ಗದ್ದೆಗಳು ಹಸಿರಾಗಿರುತ್ತವೆ. ಇದೇ ಹೊತ್ತಿನಲ್ಲಿ ನನ್ನ ಕಿವಿಗೆ ಬೀಳುವ ದೂರೂ ಒಂದೇ: "ಟ್ಯೂಬು ಬದಲಾಯಿಸಿದೆ, ಎರಡು ಕಿಲೋಮೀಟರ್ ಹೋಗಲಿಲ್ಲ, ಮತ್ತೆ ಗಾಳಿ ಹೋಯಿತು." ಹೀಗೆ ಹೇಳುವವರ ಚೀಲದಲ್ಲಿ ಬೇಕಾದ ಸಾಮಾನೆಲ್ಲ ಇರುತ್ತದೆ. ಆದರೆ ಟಯರಿನೊಳಗೆ ಮುಳ್ಳು ಕೂತಿರುವಾಗಲೇ ಹೊಸ ಟ್ಯೂಬು ಹಾಕಿರುತ್ತಾರೆ. ಸೊಲ್ಯೂಷನ್ ಒಣಗುವ ಮೊದಲೇ ಪ್ಯಾಚು ಅಂಟಿಸಿರುತ್ತಾರೆ. ಹೆಜ್ಜೆಗಳ ಸರದಿ ತಪ್ಪಿದರೆ ಎಷ್ಟು ದುಬಾರಿ ಸಾಮಾನಿದ್ದರೂ ಉಪಯೋಗವಿಲ್ಲ. ಆದ್ದರಿಂದ ಇಲ್ಲಿ ಸರದಿಯ ಮೇಲೆಯೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

## 1. ಹಿಂದಿನ ಸಂಜೆ ಮನೆಯಲ್ಲಿ

ಚೀಲಕ್ಕೆ ಹಾಕಬೇಕಾದ್ದು ಇಷ್ಟು: ನಿಮ್ಮ ಟಯರಿನ ಅಳತೆಯದೇ ಎರಡು ಟ್ಯೂಬು, ಪ್ಯಾಚಿನ ಡಬ್ಬಿ (ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ), ಪ್ಲಾಸ್ಟಿಕ್ಕಿನ ಮೂರು ಟಯರ್ ಲಿವರ್ (ಟಯರು ಬಿಡಿಸುವ ಸಲಾಕೆ), ಕೈಪಂಪು, ಅಲೆನ್ ಕೀ (ಆರು ಮೂಲೆಯ ಕೀ) ಗೊಂಚಲು, ಚಕ್ರಕ್ಕೆ ನಟ್ಟಿದ್ದರೆ 15 ಎಂ.ಎಂ. ಸ್ಪ್ಯಾನರ್, ಒಂದು ಹಳೆಯ ಹತ್ತಿ ಬಟ್ಟೆ, ಒಂದು ಬಾಲ್‌ಪೆನ್. ಬಟ್ಟೆ ಮತ್ತು ಪೆನ್ನನ್ನು ಬಹಳ ಜನ ಬಿಟ್ಟು ಹೋಗುತ್ತಾರೆ. ಪಂಚರ್ ಹುಡುಕುವಾಗ ನನಗೆ ಹೆಚ್ಚು ನೆರವಾಗಿರುವುದು ಆ ಎರಡೇ.

ಸ್ಟೀಲಿನ ಲಿವರ್ ಅಥವಾ ಸ್ಕ್ರೂಡ್ರೈವರ್ ಬೇಡ. ಟ್ಯೂಬು ಕಚ್ಚುತ್ತದೆ, ರಿಮ್ಮಿಗೂ ಗಾಯವಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ಮೂರು ಕೆಲಸಗಳಿವೆ. ಮೊದಲನೆಯದು, ವಾಲ್ವ್ ಯಾವುದೆಂದು ನೋಡಿಕೊಳ್ಳುವುದು. ಬೈಕಿನ ವಾಲ್ವಿನಂತೆ ದಪ್ಪಗಿರುವುದು ಶ್ರೇಡರ್, ತೆಳ್ಳಗೆ ತುದಿಯಲ್ಲಿ ಪುಟ್ಟ ನಟ್ಟಿರುವುದು ಪ್ರೆಸ್ಟಾ. ಹಳೆಯ ಕಾಲದ ಕರಿ ಸೈಕಲ್‌ಗಳದ್ದು ಇವೆರಡೂ ಅಲ್ಲ, ಬೇರೆಯೇ. ನಿಮ್ಮ ಪಂಪಿನ ಬಾಯಿ ನಿಮ್ಮ ವಾಲ್ವಿಗೆ ಕೂರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಗಾಳಿ ಹೊಡೆದು ನೋಡಿ. ಎರಡನೆಯದು, ಟಯರಿನ ಮೇಲಿನ ಕಂಪನಿ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಟಯರು ಕೂರಿಸುವುದು. ಇದರ ಲಾಭ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಮೂರನೆಯದು ಗಾಳಿ. ಟಯರಿನ ಪಕ್ಕದಲ್ಲಿ ಎಷ್ಟು ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿರುತ್ತದೆ, ಆ ಮಿತಿಯೊಳಗೇ ಇರಲಿ. ತೆಳು ರೋಡ್ ಟಯರಿಗೆ 80ರಿಂದ 100, ಸ್ವಲ್ಪ ದಪ್ಪ ಟಯರಿನ ಹೈಬ್ರಿಡ್‌ಗೆ ಸುಮಾರು 50ರಿಂದ 70 ಸಾಮಾನ್ಯ. ಹೆಬ್ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ. ತೆಳು ಟಯರು 50ರಲ್ಲೂ ಬೆರಳಿಗೆ ಕಲ್ಲಿನಂತೆಯೇ ಸಿಗುತ್ತದೆ.

## 2. ದಾರಿ ಮತ್ತು ಹೊತ್ತು

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೂಲಕ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಶ್ರೀರಂಗಪಟ್ಟಣದವರೆಗೆ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಮೋಟಾರಿಲ್ಲದ ವಾಹನಗಳಿಗೂ ಅದೇ ನಿಯಮ, ಅಂದರೆ ಸೈಕಲ್ಲಿಗೂ.

ಬೆಳಕು ಮೂಡುವ ಮುಂಚೆ ಹೊರಡುವುದಾದರೆ ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಇರಲೇಬೇಕು. ಹಿಂತಿರುಗುವ ಹೊತ್ತಿನ ಲೆಕ್ಕದಲ್ಲಿ ಎರಡು ವಿಷಯ ಸೇರಿಸಿಕೊಳ್ಳಿ. ನವೆಂಬರ್ ಹೊತ್ತಿಗೆ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಚಿತ್ತಾ, ಸ್ವಾತಿ ಮಳೆಗಳು ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನದ ಮೇಲೆ ಗುಡುಗು ಸಮೇತ ಬರುವುದೇ ಹೆಚ್ಚು. ಆದ್ದರಿಂದ ಮಧ್ಯಾಹ್ನ ಒಂದರೊಳಗೆ ಮನೆ ಸೇರುವಂತೆ ಹೊರಡಿ, ರಿಪೇರಿಗೆಂದು ಒಂದು ಗಂಟೆ ಬೇರೆಯೇ ತೆಗೆದಿಡಿ. ಆ ಗಂಟೆ ಕೈಯಲ್ಲಿ ಇಲ್ಲದವರೇ ಅವಸರಪಟ್ಟು ಸರದಿ ತಪ್ಪಿಸುತ್ತಾರೆ.

## 3. ಸೈಕಲ್ ಕೈಕೊಟ್ಟ ಮೊದಲ ಎರಡು ನಿಮಿಷ

ಹಿಂದಿನ ಚಕ್ರ ಮೆತ್ತಗೆ ಅತ್ತಿತ್ತ ಜಾರಿದಂತೆ ಅನಿಸಿದರೆ, ಇಲ್ಲವೇ ಹ್ಯಾಂಡಲ್ ಎಂದಿಗಿಂತ ಭಾರವಾದರೆ, ಗಾಳಿ ಇಳಿಯುತ್ತಿದೆ ಎಂದೇ ಅರ್ಥ. "ಇನ್ನೊಂದು ಊರು ದಾಟೋಣ" ಎಂದು ಮುಂದೆ ಹೋಗಬೇಡಿ. ಗಾಳಿಯಿಲ್ಲದ ಟಯರಿನ ಮೇಲೆ ನೂರು ಮೀಟರ್ ಉರುಳಿದರೂ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಒಂದು ತೂತು ಹೋಗಿ ನಾಲ್ಕಾಗುತ್ತದೆ.

ಮೊದಲು ಬ್ರೇಕನ್ನು ಮೆಲ್ಲಗೆ ಹಿಡಿದು, ಸಾಧ್ಯವಾದಷ್ಟು ಗಾಳಿ ಇರುವ ಚಕ್ರದ್ದನ್ನೇ ಬಳಸಿ, ನಿಲ್ಲಿಸಿ. ಆಮೇಲೆ ರಸ್ತೆಯಿಂದ ಪೂರ್ತಿ ಕೆಳಗಿಳಿಯಿರಿ. ತಿರುವಿನಲ್ಲಿ ನಿಲ್ಲಬೇಡಿ. ಕಬ್ಬಿನ ಟ್ರ್ಯಾಕ್ಟರಿನ ಲೋಡು ಎರಡೂ ಪಕ್ಕ ಹೊರಚಾಚಿಕೊಂಡಿರುತ್ತದೆ, ನೀವು ಅಂದಾಜು ಮಾಡಿದ್ದಕ್ಕಿಂತ ಹತ್ತಿರ ಬರುತ್ತದೆ. ನಾಲೆ ಏರಿಯ ಮೇಲಿದ್ದರೆ ನೀರಿನ ಪಕ್ಕ ಬಿಟ್ಟು ಆಚೆ ಬದಿಗೆ ಹೋಗಿ. ಪಂಚರ್ ನೋಡಲು ನೀರು ಬೇಕೆಂದು ವಿಶ್ವೇಶ್ವರಯ್ಯ ನಾಲೆಗೆ ಇಳಿಯುವ ಯೋಚನೆಯನ್ನೇ ಮಾಡಬೇಡಿ. ಅಂಚು ಪಾಚಿ ಕಟ್ಟಿರುತ್ತದೆ, ಹರಿವಿಗೆ ಸೆಳೆತವಿರುತ್ತದೆ.

ಕೂರುವ ಜಾಗವನ್ನೂ ನೋಡಿಕೊಳ್ಳಿ. ರಸ್ತೆ ಬದಿಯ ಮಣ್ಣಿನಲ್ಲಿ ನೆಲಕ್ಕೆ ಅಂಟಿಕೊಂಡು ಹಳದಿ ಹೂ ಬಿಡುವ ನೆಗ್ಗಿಲು ಮಳೆಗೆ ಹಬ್ಬಿ, ಮಳೆ ನಿಂತ ಮೇಲೆ ಒಣಗುತ್ತದೆ. ಅದರ ಕಾಯಿ ಒಡೆದು ಬಿದ್ದರೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಮುಖ ಮಾಡಿರುತ್ತದೆ. ರಿಪೇರಿಯಾದ ಚಕ್ರವನ್ನು ಅದರ ಮೇಲೆಯೇ ಇಟ್ಟು ಮತ್ತೆ ಪಂಚರ್ ಮಾಡಿಕೊಂಡವರನ್ನು ಕಂಡಿದ್ದೇನೆ. ಬಳ್ಳಾರಿ ಜಾಲಿ ಪೊದೆಯ ಬುಡವೂ ಬೇಡ.

## 4. ಪಂಚರ್

ಗೇರ್ ಮೊದಲು. ಹಿಂದಿನ ಚಕ್ರವಾದರೆ ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಇದನ್ನು ಮರೆತರೆ ಚಕ್ರ ತೆಗೆಯಲೂ ಕಷ್ಟ, ಹಾಕಲು ಇನ್ನೂ ಕಷ್ಟ. ರಿಮ್ ಬ್ರೇಕಿದ್ದರೆ ಅದರ ಕೊಂಡಿ ಸಡಿಲಿಸಿ. ಡಿಸ್ಕ್ ಬ್ರೇಕಿದ್ದರೆ ಎರಡು ಎಚ್ಚರ: ಇಳಿಜಾರಿನಿಂದ ಆಗಷ್ಟೇ ಬಂದಿದ್ದರೆ ಡಿಸ್ಕ್ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ. ಚಕ್ರ ಹೊರಗಿರುವಾಗ ಬ್ರೇಕ್ ಹಿಡಿಯಬೇಡಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕು) ಆದರೆ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಂಡು ಆಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ.

ಚಕ್ರ ತೆಗೆಯುವ ಮುನ್ನ ಹೊರಗಿನಿಂದ ನೋಡಿ. ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳೋ ಮೊಳೆಯೋ ಗಾಜೋ ಕಂಡರೆ ತಕ್ಷಣ ಕೀಳಬೇಡಿ, ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ. ಕಿತ್ತುಬಿಟ್ಟರೆ ಜಾಗ ಕಳೆದುಹೋಗುತ್ತದೆ. ಅರ್ಧ ಮುರಿದರೆ ಒಳಗಿನ ತುದಿ ಅಲ್ಲೇ ಉಳಿಯುತ್ತದೆ, ಎರಡನೇ ಪಂಚರ್ ಮಾಡುವುದು ಆ ತುದಿಯೇ.

ಚಕ್ರ ತೆಗೆದ ಮೇಲೆ ಟಯರಿನ ಒಂದು ಅಂಚು ಮಾತ್ರ ಬಿಡಿಸಿ. ಉಳಿದ ಗಾಳಿಯನ್ನೆಲ್ಲ ಬಿಡಿ. ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಟಯರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಎಷ್ಟು ಇಳಿದರೆ ಅಷ್ಟು ಸಡಿಲ ಸಿಗುತ್ತದೆ. ವಾಲ್ವಿನಿಂದ ಒಂದು ಗೇಣು ಆಚೆ ಮೊದಲ ಲಿವರ್ ಹಾಕಿ, ಅದನ್ನು ಚಕ್ರದ ಕಡ್ಡಿಗೆ (ಸ್ಪೋಕ್) ಸಿಕ್ಕಿಸಿ. ಅಲ್ಲಿಂದ ನಾಲ್ಕು ಬೆರಳು ದೂರದಲ್ಲಿ ಎರಡನೆಯದು. ಆಮೇಲೆ ಕೈಯಲ್ಲೇ ಜಾರಿಸಬಹುದು. ಇನ್ನೊಂದು ಅಂಚು ರಿಮ್ಮಿನಲ್ಲೇ ಇರಲಿ.

ಟ್ಯೂಬಿನ ದಿಕ್ಕು ಮರೆಯಬೇಡಿ. ಟ್ಯೂಬು ಎಳೆಯುವ ಮುನ್ನ ನಿಮ್ಮ ಕಡೆಗಿರುವ ಪಕ್ಕಕ್ಕೆ ಪೆನ್ನಿನಲ್ಲಿ ಗುರುತು ಮಾಡಿ. ಈಗ ಟ್ಯೂಬಿಗೆ ದುಪ್ಪಟ್ಟು ಊದುವಷ್ಟು ಗಾಳಿ ಹೊಡೆದು, ಕೆನ್ನೆಗೆ, ತುಟಿಗೆ ಹತ್ತಿರ ಹಿಡಿದು ಸುತ್ತಿಸಿ. ಕಿವಿಗೆ ಕೇಳದ ಸಣ್ಣ ಗಾಳಿ ತುಟಿಗೆ ತಣ್ಣಗೆ ತಾಗುತ್ತದೆ. ತೂತು ಸಿಕ್ಕಿತೇ? ಅದು ವಾಲ್ವಿನಿಂದ ಎಷ್ಟು ದೂರ ಎಂದು ಗೇಣಿನಲ್ಲಿ ಅಳೆಯಿರಿ. ಕಂಪನಿ ಹೆಸರನ್ನು ವಾಲ್ವಿನ ನೇರಕ್ಕೆ ಕೂರಿಸಿದ್ದರೆ, ಹೆಸರಿನಿಂದ ಅಷ್ಟೇ ದೂರದಲ್ಲಿ ಟಯರಿನೊಳಗೆ ಮುಳ್ಳಿದೆ. ಇಡೀ ಟಯರು ಹುಡುಕುವ ಬದಲು ಅಂಗೈಯಗಲದ ಜಾಗ ಹುಡುಕಿದರೆ ಸಾಕು.

ತೂತು ಏನು ಹೇಳುತ್ತಿದೆ ಎಂದು ಓದಿ. ಹೊರಬದಿಯಲ್ಲಿ ಒಂದೇ ತೂತಿದ್ದರೆ ಮುಳ್ಳು ಅಥವಾ ತಂತಿ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳಿದ್ದರೆ ಗುಂಡಿಗೋ ರಸ್ತೆಯುಬ್ಬಿಗೋ ಬಡಿದು ಟ್ಯೂಬು ರಿಮ್ಮಿನ ನಡುವೆ ಸಿಕ್ಕಿದೆ. ಕಾರಣ ಗಾಳಿ ಕಡಿಮೆ ಇದ್ದದ್ದು, ಮುಳ್ಳು ಹುಡುಕಿ ಹೊತ್ತು ಕಳೆಯಬೇಡಿ. ತೂತು ಒಳಬದಿಗೆ, ಅಂದರೆ ರಿಮ್ಮಿನ ಕಡೆಗಿದ್ದರೆ ರಿಮ್ ಟೇಪು (ರಿಮ್ಮಿನ ಒಳಗೆ ಕಡ್ಡಿಯ ತೂತುಗಳನ್ನು ಮುಚ್ಚುವ ಪಟ್ಟಿ) ಸರಿದು ಕಡ್ಡಿಯ ತೂತಿನ ಅಂಚು ಕೊರೆದಿದೆ. ಟೇಪನ್ನು ಸರಿಸಿ ಕೂರಿಸದೆ ಹೊಸ ಟ್ಯೂಬು ಹಾಕಿದರೆ ಅದೂ ಹೋಗುತ್ತದೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚು ನಿಲ್ಲುವುದಿಲ್ಲ, ಆ ಟ್ಯೂಬಿನ ಆಸೆ ಬಿಡಿ.

ಹೊರಬದಿಯ ತೂತಾದರೆ, ಮುಳ್ಳು ಸಿಗುವವರೆಗೆ ಹೊಸ ಟ್ಯೂಬು ಹೊರಗೆ ತೆಗೆಯಬೇಡಿ. ಜನ ಹೆಚ್ಚಾಗಿ ಎಡವುವುದು ಇಲ್ಲೇ. ನಾನೂ ಇಲ್ಲೇ ಎಡವಿದ್ದೆ. ಒಂದು ಅಕ್ಟೋಬರಿನಲ್ಲಿ ಜಕ್ಕನಹಳ್ಳಿಗೆ ಮುಂಚೆ ಮೊದಲ ಪಂಚರ್ ಆಯಿತು. ಕಣ್ಣಿಗೆ ಏನೂ ಕಾಣದ್ದರಿಂದ ಟ್ಯೂಬು ಬದಲಾಯಿಸಿ ಹೊರಟೆ. ಒಂದೂವರೆ ಕಿಲೋಮೀಟರ್ ದಾಟುವಷ್ಟರಲ್ಲಿ ಮತ್ತೆ ಚಕ್ರ ಕೂತಿತು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜ ನಿಂತು ನೋಡಿದರು.

"ಯಾಕ್ ಮಗ, ಆಗ್ಲೂ ಬಿಚ್ತಿದ್ದೆ, ಈಗ್ಲೂ ಬಿಚ್ತಾ ಇದ್ದೀಯ?"

"ಮುಳ್ಳು ಸಿಕ್ತಾ ಇಲ್ಲ ಕಣಜ್ಜ."

"ಬೆರಳಲ್ಲಿ ಸವರಬ್ಯಾಡ, ಕುಯ್ಕತೀಯ. ಬಟ್ಟೆ ಹಾಕಿ ಒರಸು. ಎಲ್ಲಿ ಹಿಡ್ಕತದೋ ಅಲ್ಲೇ ಅದೆ."

ಹೆಗಲ ಮೇಲಿನ ಟವಲನ್ನು ಅವರೇ ಕೊಟ್ಟರು. ಟಯರಿನ ಒಳಮೈಗೆ ಅದನ್ನು ಒತ್ತಿ ಎಳೆದುಕೊಂಡು ಹೋದೆ. ಅರ್ಧ ಸುತ್ತು ಆಗಿತ್ತು, ನೂಲೊಂದು ಚುರುಕ್ಕೆಂದು ಸಿಕ್ಕಿಕೊಂಡಿತು. ರಾಗಿ ಕಾಳಿನಷ್ಟೂ ಹೊರಗೆ ಕಾಣದ ಜಾಲಿ ಮುಳ್ಳಿನ ತುದಿ, ರಬ್ಬರಿನ ಬಣ್ಣಕ್ಕೇ ತಿರುಗಿತ್ತು. ಹೊರಗಿನಿಂದ ಅಲೆನ್ ಕೀ ತುದಿಯಲ್ಲಿ ಒತ್ತಿ, ಒಳಗಿನಿಂದ ಉಗುರಲ್ಲಿ ಹಿಡಿದು ಕಿತ್ತೆ. ಅಂದಿನಿಂದ ಚೀಲದಲ್ಲಿ ಹಳೆಯ ಬಟ್ಟೆ ತಪ್ಪಿಲ್ಲ. ಬಟ್ಟೆಯನ್ನು ಎರಡೂ ದಿಕ್ಕಿನಲ್ಲಿ ಎಳೆಯಿರಿ. ಓರೆಯಾಗಿ ಕೂತ ಮುಳ್ಳು ಒಂದು ದಿಕ್ಕಿಗೆ ಮಾತ್ರ ಸಿಗುತ್ತದೆ. ಒಂದು ಸಿಕ್ಕ ಮೇಲೂ ಸುತ್ತು ಪೂರ್ತಿ ಮಾಡಿ, ನೆಗ್ಗಿಲ ಮೇಲೆ ಹಾದಿದ್ದರೆ ಮೂರು ನಾಲ್ಕು ಇರುತ್ತವೆ. ಮಳೆಯಲ್ಲಿ ನೆನೆದ ಟಯರನ್ನು ಇನ್ನಷ್ಟು ಎಚ್ಚರದಿಂದ ನೋಡಿ. ಒದ್ದೆ ರಬ್ಬರಿನಲ್ಲಿ ಚೂಪಾದದ್ದು ಸಲೀಸಾಗಿ ಇಳಿಯುತ್ತದೆ.

ಟಯರೇ ಸೀಳಿದ್ದರೆ ಒಳಗಿನಿಂದ ಟೂತ್‌ಪೇಸ್ಟ್ ಟ್ಯೂಬಿನ ತುಂಡು ಅಥವಾ ಹಳೆಯ ಟಯರಿನ ತೆಳು ಚೂರು ಇಟ್ಟು, ಗಾಳಿ ಸ್ವಲ್ಪ ಕಡಿಮೆ ಹಾಕಿ. ಇದು ಮನೆ ಸೇರಲು ಮಾತ್ರ.

ಟ್ಯೂಬು ಕೂರಿಸುವುದು. ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ. ಚಪ್ಪಟೆ ಟ್ಯೂಬು ಮಡಚಿಕೊಂಡು ಅಂಚಿನಡಿ ಸಿಕ್ಕಿಬೀಳುತ್ತದೆ. ವಾಲ್ವನ್ನು ಮೊದಲು ತೂತಿಗೆ ಹಾಕಿ, ಆಮೇಲೆ ಸುತ್ತಲೂ ಟಯರಿನೊಳಗೆ ಸೇರಿಸಿ. ಟಯರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಹತ್ತಿಸುತ್ತಾ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯ ಒಂದು ಗೇಣು ಬಿಗಿಯುತ್ತದೆ. ಆಗ ಲಿವರ್ ಹಾಕಬೇಕೆನ್ನಿಸುತ್ತದೆ, ಹಾಕಬೇಡಿ. ಹೊಸ ಟ್ಯೂಬುಗಳು ಹಾಳಾಗುವುದು ಈ ಲಿವರಿನಿಂದಲೇ. ಎದುರು ಬದಿಗೆ ಹೋಗಿ ಅಂಚನ್ನು ಮತ್ತೆ ತಗ್ಗಿಗೆ ಒತ್ತುತ್ತಾ ಬನ್ನಿ, ಸಿಕ್ಕ ಸಡಿಲವನ್ನು ಅಂಗೈ ಬುಡದಿಂದ ವಾಲ್ವಿನ ಕಡೆ ತಳ್ಳಿ, ಅಂಚು ಟಪ್ಪೆಂದು ಒಳಗೆ ಬೀಳುತ್ತದೆ.

ಗಾಳಿಗೆ ಮುನ್ನ ಕೊನೆಯ ನೋಟ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಟಯರನ್ನು ಎರಡೂ ಪಕ್ಕ ಚಿವುಟಿ ಸರಿಸುತ್ತಾ ಟ್ಯೂಬು ಎಲ್ಲಾದರೂ ಇಣುಕುತ್ತಿದೆಯೇ ನೋಡಿ. ಅರ್ಧ ಗಾಳಿ ಹಾಕಿ ನಿಲ್ಲಿಸಿ. ಟಯರಿನ ಪಕ್ಕದಲ್ಲಿರುವ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಉಬ್ಬಿದ್ದರೆ ಗಾಳಿ ಬಿಟ್ಟು ಸರಿಮಾಡಿ, ಇಲ್ಲದಿದ್ದರೆ ಅಲ್ಲೇ ಸಿಡಿಯುತ್ತದೆ. ಪ್ರೆಸ್ಟಾ ವಾಲ್ವಿಗೆ ಪಂಪು ಹಾಕುವಾಗ ಒಂದು ಕೈ ಪಂಪಿನ ಬಾಯಿಯನ್ನೂ ಚಕ್ರವನ್ನೂ ಸೇರಿಸಿ ಗಟ್ಟಿಯಾಗಿ ಹಿಡಿದಿರಲಿ. ಪಂಪು ಅಲುಗಾಡಿದರೆ ವಾಲ್ವಿನ ಕಡ್ಡಿ ಬಗ್ಗುತ್ತದೆ. ಕೈಪಂಪಿನಲ್ಲಿ ತೆಳು ಟಯರಿಗೆ ಇನ್ನೂರಕ್ಕೂ ಹೆಚ್ಚು ಸಲ ಹೊಡೆಯಬೇಕಾಗುತ್ತದೆ. ತೋಳು ಸೋತಿತೆಂದು ನಡುವೆ ಬಿಟ್ಟರೆ ಮುಂದಿನ ಗುಂಡಿಯಲ್ಲಿ ಆ ಹಾವಿನ ಕಡಿತವೇ ಗತಿ.

## 5. ಎರಡು ಟ್ಯೂಬೂ ಮುಗಿದರೆ: ಪ್ಯಾಚು

ತೂತಿನ ಸುತ್ತ ಪ್ಯಾಚಿಗಿಂತ ದೊಡ್ಡ ಜಾಗವನ್ನು ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ. ಟ್ಯೂಬಿನ ಮೇಲೆ ಉಬ್ಬಿದ ಗೆರೆ ಹಾದುಹೋಗಿದ್ದರೆ ಅದೂ ಸಮ ಆಗಬೇಕು. ಅದು ಉಳಿದರೆ ಗಾಳಿ ಆ ಗೆರೆಯ ಪಕ್ಕದಲ್ಲೇ ನುಸುಳುತ್ತದೆ. ಉಜ್ಜಿದ ಪುಡಿ ಒರೆಸಿ, ಬೆರಳು ತಾಗಿಸದೆ ಸೊಲ್ಯೂಷನ್ನನ್ನು ತೆಳುವಾಗಿ ಸವರಿ.

ಈಗ ಕಾಯಿರಿ. ಇಲ್ಲಿಯೂ ಜನ ಸೋಲುತ್ತಾರೆ. ಸೊಲ್ಯೂಷನ್ ಗೋಂದಲ್ಲ, ಹಸಿಯಿರುವಾಗ ಹಚ್ಚಿದರೆ ಪ್ಯಾಚು ಜಾರಿ ಬರುತ್ತದೆ. ಐದು ನಿಮಿಷ ಬಿಟ್ಟು, ಹೊಳಪಾರಿ ಮಂಕಾದ ಮೇಲೆ, ಹಿಂದಿನ ಹಾಳೆ ತೆಗೆದ ಪ್ಯಾಚನ್ನು ಇಟ್ಟು ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಪಂಪಿನ ಹಿಡಿಯಿಂದ ಎರಡು ನಿಮಿಷ ಚೆನ್ನಾಗಿ ಉಜ್ಜಿ. ಮೇಲಿನ ತೆಳು ಪ್ಲಾಸ್ಟಿಕ್ ಕೀಳುವ ಹಟ ಬೇಡ, ಅದರ ಜೊತೆ ಅಂಚೂ ಏಳಬಹುದು. ಪ್ಯಾಚು ಹಾಕಿದ ಟ್ಯೂಬಿಗೆ ಹೊರಗಡೆ ಜಾಸ್ತಿ ಗಾಳಿ ತುಂಬಿ ಪರೀಕ್ಷಿಸಬೇಡಿ. ಟಯರಿನೊಳಗೆ ಹಾಕಿಯೇ ತುಂಬಿ, ಒಳಗಿನ ಒತ್ತಡ ಪ್ಯಾಚನ್ನು ಇನ್ನಷ್ಟು ಕೂರಿಸುತ್ತದೆ.

## 6. ಚೈನು ಬಿದ್ದರೆ, ಹುಲ್ಲು ಸುತ್ತಿಕೊಂಡರೆ

ಚೈನು ಬಿದ್ದ ಸದ್ದಾದ ಕೂಡಲೇ ಪೆಡಲ್ ನಿಲ್ಲಿಸಿ. ಒತ್ತಿ ತುಳಿದರೆ ಫ್ರೇಮಿಗೂ ಹಲ್ಲುಚಕ್ರಕ್ಕೂ ನಡುವೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗೇರಿನ ಸೈಕಲ್ಲಾದರೆ ಹಿಂದಿನ ಡಿರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ತೋಳನ್ನು ಒಂದು ಕೈಯಲ್ಲಿ ಮುಂದಕ್ಕೆ ತಳ್ಳಿ. ಚೈನು ಸಡಿಲವಾಗುತ್ತದೆ. ಇನ್ನೊಂದು ಕೈಯಲ್ಲಿ ಮರದ ಕಡ್ಡಿಯಿಂದಲೋ ಎಲೆಯಿಂದಲೋ ಚೈನು ಹಿಡಿದು ಮುಂದಿನ ಹಲ್ಲುಚಕ್ರದ ಕೆಳಭಾಗಕ್ಕೆ ಕೂರಿಸಿ, ತೋಳು ಬಿಟ್ಟು, ಪೆಡಲನ್ನು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ. ಚೈನಿಗೂ ಹಲ್ಲಿಗೂ ನಡುವೆ ಬೆರಳು ಇಟ್ಟುಕೊಂಡು ತಿರುಗಿಸಬೇಡಿ.

ನವೆಂಬರ್ ಕೊನೆಗೆ ರಾಗಿ ಕೊಯ್ಲು ಶುರುವಾದರೆ ಹಳ್ಳಿ ದಾರಿಯಲ್ಲಿ ರಸ್ತೆಯೇ ಕಣ. ಹರಡಿದ ತೆನೆಯ ಮೇಲೆ ಸೈಕಲ್ ಹತ್ತಿಸಬೇಡಿ. ಟಯರು ಜಾರುವುದು ಒಂದು, ಅದು ಒಬ್ಬರ ವರ್ಷದ ಅನ್ನ ಎನ್ನುವುದು ಇನ್ನೊಂದು. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ದಾಟಿದ ಮೇಲೆ ಗೇರು ತಾನಾಗಿ ಹಾರಿದರೆ, ಕರಕರ ಸದ್ದು ಬಂದರೆ, ಹಿಂದಿನ ಹಲ್ಲುಚಕ್ರಗಳ ನಡುವೆ ಹುಲ್ಲು ಸುತ್ತಿದೆ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಹುಲ್ಲಿನ ತುದಿ ಹಿಡಿದು ಬಿಚ್ಚಿ. ಗೇರಿನ ತಿರುಪುಗಳನ್ನು ಮುಟ್ಟಬೇಡಿ, ತಪ್ಪು ಅವುಗಳದ್ದಲ್ಲ.

## 7. ಒದ್ದೆ ಬ್ರೇಕು, ಸಡಿಲ ಪೆಡಲ್, ಮುರಿದ ಕಡ್ಡಿ

ಮಳೆಯಲ್ಲಿ ರಿಮ್ ಬ್ರೇಕು ಹಿಡಿದ ತಕ್ಷಣ ಕಚ್ಚುವುದಿಲ್ಲ. ಮೊದಲು ನೀರು ಒರೆಸಿಕೊಳ್ಳುತ್ತದೆ, ಆಮೇಲೆ ಹಿಡಿಯುತ್ತದೆ. ಮೇಲುಕೋಟೆಯಿಂದ ಇಳಿಯುವಾಗ ತಿರುವಿಗೆ ಬಹಳ ಮುಂಚೆಯೇ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ತಿರುವಿನೊಳಗೆ ಬ್ರೇಕ್ ಬೇಡ, ಮುಂಚೆಯೇ ವೇಗ ಇಳಿದಿರಲಿ. ಬ್ರೇಕ್ ಹಿಡಿದಾಗ ಲೋಹ ಉಜ್ಜುವ ಸದ್ದು ಬಂದರೆ ಪ್ಯಾಡಿನಲ್ಲಿ ಕಲ್ಲು ಸಿಕ್ಕಿರಬಹುದು ಅಥವಾ ಪ್ಯಾಡು ಸವೆದಿರಬಹುದು. ಇಳಿಜಾರಿಗೆ ಮುನ್ನವೇ ನಿಂತು ನೋಡಿ. ಗುಡುಗು ಹತ್ತಿರವಾದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಊರೊಳಗೆ ಯಾವುದಾದರೂ ಸೂರಿನಡಿ ಸೇರಿಕೊಳ್ಳಿ.

ಪೆಡಲ್ ಲಟಲಟ ಅಂದರೆ ಕೂಡಲೇ ಬಿಗಿಮಾಡಿ. ಹಾಗೇ ತುಳಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ತಿರುಪಿನ ಗೆರೆ ಹಾಳಾಗಿ ಇಡೀ ಕ್ರ್ಯಾಂಕೇ ಬದಲಾಯಿಸಬೇಕಾಗುತ್ತದೆ. ಬಲಗಡೆಯದು ಎಲ್ಲ ನಟ್ಟಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಎಡಗಡೆಯದು ಎಡಕ್ಕೆ. ಎಡ ಪೆಡಲನ್ನು ಬಲಕ್ಕೆ ತಿರುಗಿಸಿ ಪೂರ್ತಿ ಬಿಚ್ಚಿಬಿಟ್ಟವರು ಬಹಳ.

ಕಡ್ಡಿ ಮುರಿದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ, ಚಕ್ರ ತಿರುಗಿಸಿ ಬ್ರೇಕಿಗೆ ತಾಗುತ್ತಿದೆಯೇ ನೋಡಿ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹತ್ತಿರದ ಸೈಕಲ್ ಶಾಪಿಗೆ ಹೋಗಬಹುದು. ಎರಡನೆಯದೂ ಮುರಿದರೆ ಹತ್ತಬೇಡಿ.

## 8. ಬಿದ್ದರೆ

ಒದ್ದೆಯಾದ ಕಬ್ಬಿನ ತರಗು, ಗದ್ದೆಯಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಸರು: ಈ ಕಾಲದಲ್ಲಿ ಬೀಳಿಸುವುದು ಹೆಚ್ಚಾಗಿ ಇವೆರಡೇ. ಎದ್ದ ಮೇಲೆ ಸೈಕಲ್ ನೋಡುವ ಮೊದಲು ನಿಮ್ಮನ್ನು ನೋಡಿಕೊಳ್ಳಿ. ರಸ್ತೆ ಬಿಟ್ಟು ಕೂತು, ಕೈ ಭುಜ ಮಂಡಿ ಆಡಿಸಿ. ತರಚಿದ ಗಾಯವನ್ನು ಕುಡಿಯುವ ನೀರಿನಿಂದ ಮಣ್ಣು ಹೋಗುವಷ್ಟು ತೊಳೆದು, ಒಗೆದ ಬಟ್ಟೆ ಒತ್ತಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಅಂದೇ ಡಾಕ್ಟರನ್ನು ಕೇಳಿ. ತಲೆಗೆ ಪೆಟ್ಟಾಗಿ ವಾಂತಿ ಬಂದರೆ, ಮಂಕು ಕವಿದರೆ, ಕೇಳಿದ್ದನ್ನೇ ಮತ್ತೆ ಕೇಳತೊಡಗಿದರೆ, ಭುಜ ಎತ್ತಲಾಗದಿದ್ದರೆ ಸವಾರಿ ಅಲ್ಲಿಗೇ ಮುಗಿಯಿತು. 108ಕ್ಕೆ ಫೋನು ಮಾಡಿ. ಪೆಟ್ಟು ತಿಂದ ಹೆಲ್ಮೆಟ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಮತ್ತೆ ಹಾಕಬೇಡಿ.

ಆಮೇಲೆ ಸೈಕಲ್: ಹ್ಯಾಂಡಲ್ ನೇರವಿದೆಯೇ, ಎರಡೂ ಬ್ರೇಕು ಹಿಡಿಯುತ್ತವೆಯೇ, ಚಕ್ರ ಸುಮ್ಮನೆ ತಿರುಗುತ್ತದೆಯೇ. ಬಲಗಡೆಗೆ ಬಿದ್ದಿದ್ದರೆ ಹಿಂದೆ ನಿಂತು ಡಿರೇಲರ್ ನೆಟ್ಟಗಿದೆಯೇ ನೋಡಿ. ಒಳಕ್ಕೆ ಬಗ್ಗಿದ್ದರೆ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಲೇಬೇಡಿ, ಅದು ಕಡ್ಡಿಗಳ ನಡುವೆ ಹೋಗಿ ಚಕ್ರವನ್ನೇ ಲಾಕ್ ಮಾಡುತ್ತದೆ.

## 9. ಮನೆಗೆ ಬಂದ ಮೇಲೆ

ಅಂದೇ ಸಂಜೆ ಚೈನು ಒರೆಸಿ ಎಣ್ಣೆ ಬಿಡಿ, ಮಳೆಯಲ್ಲಿ ನೆನೆದದ್ದು ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ದಾರಿಯಲ್ಲಿ ತೆಗೆದ ಟ್ಯೂಬನ್ನು ಈಗ ಬಕೆಟ್ ನೀರಿನಲ್ಲಿ ಮುಳುಗಿಸಿ ತೂತು ಹುಡುಕಿ, ಒಣಗಿದ ಮೇಲೆ ನಿಧಾನವಾಗಿ ಪ್ಯಾಚು ಹಾಕಿ, ಟಾಲ್ಕಂ ಪೌಡರ್ ಸವರಿ, ಮಡಚಿ ಚೀಲಕ್ಕೆ ಸೇರಿಸಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ಒತ್ತಿ ನೋಡಿ. ಒಮ್ಮೆ ಬಾಯಿ ತೆರೆದದ್ದು ಮುಚ್ಚಳ ಬಿಗಿಮಾಡಿದ್ದರೂ ಕೆಲವೇ ವಾರಗಳಲ್ಲಿ ಒಳಗೇ ಒಣಗಿರುತ್ತದೆ. ಖಾಲಿ ಅನಿಸಿದರೆ ಅದೇ ವಾರ ಹೊಸದು ತಂದು ಡಬ್ಬಿಗೆ ಹಾಕಿಡಿ.